ಮೂರನೇ ಚೆಂಡು

ಮಡಿಕೇರಿಯ ಡಾಕ್ಟರು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು ಟೀಚರ್,
ಒಳಗೆ ಮೂರು ಚೆಂಡು, ಹೊರಗೊಂದು ನಳಿಗೆ.
ನಾನು ಅಭ್ಯಾಸದಂತೆ ಕೆನ್ನೆ ಉಬ್ಬಿಸಿದೆ.
ಊದಬೇಡಿ ಮಾರಾಯ್ರೆ, ಎಳೆದುಕೊಳ್ಳಿ, ಅಂದರು.
ಎರಡು ಚೆಂಡು ಎದ್ದವು.
ಮೂರನೆಯದು ತಳದಲ್ಲೇ ಕೂತು
ನನ್ನನ್ನು ನೋಡಿತು.

ನಲವತ್ತೊಂದು ವರ್ಷ ಕೊಂಬು ಊದಿದವನು.
ಹೊರಗೆ ಬಿಟ್ಟ ಗಾಳಿಯ ಲೆಕ್ಕ ಊರಿಗೇ ಗೊತ್ತು,
ಕಕ್ಕಬ್ಬೆಯಲ್ಲಿ ಊದಿದರೆ ಗುಡ್ಡದಾಚೆ ನಾಯಿ ಬೊಗಳುತ್ತಿತ್ತು.
ಒಳಗೆ ಬಂದದ್ದು ಎಷ್ಟು ಅಂತ
ಯಾರೂ ಕೇಳಲಿಲ್ಲ.
ನಾನೂ.

ಅಪ್ಪ ಕಲಿಸಿದ್ದು ಹೊಳೆಯಲ್ಲಿ.
ಪಪ್ಪಾಯಿ ಎಲೆಯ ದಂಟು ನೀರಿಗಿಳಿಸಿ ಊದು,
ಗುಳ್ಳೆ ಕಡಿಯಬಾರದು, ಕಡಿದರೆ ಬೆನ್ನಿಗೊಂದು.
ಕಡಿಯದ ಹಾಗೆ ಎಲ್ಲಿಂದ ತರುವುದು ಗಾಳಿ
ಅಂತ ಹೇಳುವ ಮೊದಲೇ ಅವನು ಸತ್ತ.
ಕದ್ದು ಕದ್ದು ತಂದೆ ಇಷ್ಟು ದಿನ,
ಮೂಗಿನ ಸಂದಿಯಿಂದ, ಭುಜ ಎತ್ತಿ,
ಯಾರದೋ ತೋಟದ ಕಿತ್ತಳೆ ತಂದ ಹಾಗೆ.

ನಾಪೋಕ್ಲಿನ ಶಾಲೆಯ ಹಜಾರದಲ್ಲಿ, ನಿಮ್ಮ ಕ್ಲಾಸಿನಲ್ಲಿ
ಎಲ್ಲರದ್ದೂ ನೇರಳೆ, ನೀಲಿ ರಬ್ಬರಿನ ಹಾಸು.
ನನ್ನದು ಮನೆಯವಳು ಹೆಣೆದ ಬಿದಿರ ಚಾಪೆ,
ಎದ್ದಾಗ ಬೆನ್ನ ತುಂಬ ಅದರದೇ ಅಚ್ಚು.
ಶವಾಸನ ಅಂದಿರಿ.
ಪಕ್ಕದಲ್ಲಿ ಪರೆ ಹೊಡೆಯುವ ತಿಮ್ಮು ಗೊರಕೆ ಹೊಡೆದ,
ಅದೂ ತಾಳ ತಪ್ಪದೆ.

ಭ್ರಾಮರಿ ಅಂತ ಕಿವಿ ಮುಚ್ಚಿಸಿದಿರಿ.
ಆ ಗುಂಯ್‌ ನನಗೆ ಹಳೆಯ ಪರಿಚಯ ಟೀಚರ್,
ಊದುವ ಮೊದಲು ಕೊಂಬಿನ ಬಾಯಿಗೆ ಕಿವಿಯಿಟ್ಟರೆ
ಹಿತ್ತಾಳೆಯ ಒಳಗೆ ಯಾರೋ ಹೀಗೇ ಕೂತಿರುತ್ತಾರೆ.

ಒಂದನ್ನು ಮಾತ್ರ ಒಪ್ಪಲಿಲ್ಲ ನಾನು: ಕುಂಭಕ.
ತುಂಬಿದ ಕೊಡದ ಹಾಗೆ ಇರಿ, ಅಂದಿರಿ.
ನಿಂತ ಉಸಿರು ನಮ್ಮ ಕಸುಬಿನಲ್ಲಿ ತಪ್ಪು.
ವಾಲಗ ನಿಂತರೆ ಕುಣಿಯುವ ಕಾಲು ನಿಲ್ಲುತ್ತದೆ,
ಕಾಲು ನಿಂತರೆ ಕೂಲಿ.
ಬಾಯಿಬಿಟ್ಟು ಹೇಳಲಿಲ್ಲ, ನಿಮ್ಮದು ಬೆಳಗಿನ ಹೊತ್ತು,
ಎಲ್ಲರೂ ಕಣ್ಣು ಮುಚ್ಚಿದ್ದರು.

ಹೋದ ಭಾನುವಾರ ಮದುವೆ.
ಗಂಗಾಪೂಜೆ ಮುಗಿಸಿ ಬಾವಿಯಿಂದ ಹೊರಟ ಮದುಮಗಳು,
ತಲೆಯ ಮೇಲೆ ಕೊಡ.
ದಾರಿಗೆ ಅಡ್ಡ ಗಂಡಿನ ಕಡೆಯವರು, ಕುಣಿತವೋ ಕುಣಿತ.
ಅವರು ಬಿಟ್ಟರೆ ಅವಳು ನಡೆಯುವುದು,
ನಾವು ಬಿಟ್ಟರೆ ಅವರು ಬಿಡುವುದು,
ನಮ್ಮನ್ನು ಯಾರೂ ಬಿಡುವುದಿಲ್ಲ.
ಒಂದು ಗಂಟೆ. ಎರಡು.
ಸೋದರಮಾವನೊಬ್ಬ ರಮ್ಮಿನ ಹುರುಪಲ್ಲಿ
ಇನ್ನೂ ಊದು ಇನ್ನೂ ಊದು ಅಂತ ಜೇಬಿಗೆ ನೋಟು ತುರುಕಿದ.
ಎದೆಯೊಳಗೆ ಆ ಚೆಂಡು ತಳ ಹಿಡಿಯಿತು.

ಆಗ ಕಂಡದ್ದು ಅವಳ ಕತ್ತಿನ ಕುಳಿ.
ಕೊಡದಿಂದ ಜಾರಿದ ಒಂದೇ ಹನಿ ಅಲ್ಲಿ ನಿಂತಿತ್ತು,
ಮೆಲ್ಲಗೆ ಏಳುತ್ತಿತ್ತು,
ಏಳಿದಲ್ಲೇ ಇರುತ್ತಿತ್ತು,
ಮೆಲ್ಲಗೆ ಇಳಿಯುತ್ತಿತ್ತು.
ಅವಳಿಗೆ ಯಾರು ಕ್ಲಾಸು ತೆಗೆದುಕೊಂಡರೋ.

ನಾಲ್ಕು ಎಣಿಸಿ ಎಳೆದೆ, ಹೊಟ್ಟೆಯ ತನಕ.
ಎರಡು ಇಟ್ಟುಕೊಂಡೆ.
ಎಂಟು ಊದಿದೆ.
ಆ ಎರಡರಲ್ಲಿ ಕೊಂಬು ಸುಮ್ಮನೆ.
ಯಾರ ಕಾಲೂ ನಿಲ್ಲಲಿಲ್ಲ ಟೀಚರ್.
ಆ ಸಂದಿಯಲ್ಲಿ ತಿಮ್ಮುವಿನ ಪರೆ
ಬರಿಗಾಲಲ್ಲಿ ನಡೆದು ಹೋಯಿತು.
ಅಷ್ಟು ಚೆಂದ ಬಡಿಯುತ್ತಾನೆ ಅಂತ ಗೊತ್ತಿರಲಿಲ್ಲ.
ಇಪ್ಪತ್ತು ವರ್ಷ ಅವನ ಮೇಲೇ ಊದಿದ್ದೆನೋ ಏನೋ.
ತಿರುಗಿ ನೋಡಿದೆ, ಅವನೂ ನೋಡಿದ,
ಬೆವರು ಒರೆಸಿಕೊಂಡ, ಅಷ್ಟೆ.

ಈ ಶನಿವಾರ ನಾನು ಬರುವುದಿಲ್ಲ,
ಚೆಯ್ಯಂಡಾಣೆಯಲ್ಲಿ ಇನ್ನೊಂದು ಮದುವೆ.
ಚಾಪೆ ಅಲ್ಲೇ ಮೂಲೆಯಲ್ಲಿರಲಿ.
ಮೂರನೇ ಚೆಂಡು ನಿನ್ನೆ ಒಂದು ಬೆರಳಷ್ಟು ಎದ್ದು
ನಾನು ಖುಷಿಪಟ್ಟ ತಕ್ಷಣ ಬಿತ್ತು.
ಮೊಮ್ಮಗ ಬಂದು ಡಬ್ಬಿಯನ್ನೇ ತಲೆಕೆಳಗು ಮಾಡಿ
ನೋಡಜ್ಜ, ಮೂರೂ ಮೇಲೆ, ಅಂದ.